ಮೇಲಿನ ಶೆಲ್ಫಿನ ರಕ್ತ

“ಅಮ್ಮಾ, ಬೀಗದ ತಾತ ಯಾಕೆ ನಮ್ಮನೆ ಒಳಗೆ ಬರಲ್ಲ? ನಾನೇನು ಕಚ್ತೀನಾ?”

ಹೀಗೆ ಕೇಳುವಾಗ ಪುಟ್ಟಿಯ ಕೈಯಲ್ಲಿ ಅರ್ಧ ಚೀಪಿದ ಬಿಸ್ಕತ್ತಿತ್ತು. ಉಳಿದರ್ಧ ಗಲ್ಲ, ಕತ್ತು, ಫ್ರಾಕಿನ ಮೇಲೆಲ್ಲ ಹಂಚಿಹೋಗಿತ್ತು. ಮೆಟ್ಟಿಲಿಳಿದು ಹೋಗುತ್ತಿದ್ದ ಚಪ್ಪಲಿಯ ಸದ್ದು ಇನ್ನೂ ಕೇಳುತ್ತಿತ್ತು. ಕೆಳಗಿನ ಮನೆಯ ಬೀಗದಣ್ಣ ಟೆರೇಸಿನ ಬಾಗಿಲ ಬೀಗವನ್ನು ರಿಪೇರಿ ಮಾಡಿ ತಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಹೊಸ್ತಿಲಿನ ಆಚೆಯೇ ನಿಂತು, ಕೈ ಉದ್ದ ಮಾಡಿ ಚಪ್ಪಲಿ ಗೂಡಿನ ಮೇಲೆ ಬೀಗವನ್ನಿಟ್ಟು, “ಎಣ್ಣೆ ಬಿಟ್ಟಿದ್ದೀನಿ, ಇನ್ನು ಬೆಣ್ಣೆ ಥರ ತಿರುಗುತ್ತೆ ನೋಡು” ಎಂದರು. ಅಷ್ಟರಲ್ಲಿ ಪುಟ್ಟಿ ಓಡಿಬಂದು, “ತಾತಾ, ಆ ಮಾಡು” ಎನ್ನುತ್ತ ಬಿಸ್ಕತ್ತನ್ನು ಅವರ ಬಾಯಿಗೇ ಗುರಿಯಿಟ್ಟಳು. ತಲೆ ನರೆತ, ಪೊದೆಮೀಸೆಯ ಆ ದೊಡ್ಡ ಆಳು ಹಾವು ತುಳಿದವರಂತೆ ಹಿಂದಕ್ಕೆ ನೆಗೆದು, ಮೆಟ್ಟಿಲ ಕಂಬಿ ಹಿಡಿದುಕೊಂಡು, ಬಂದದ್ದಕ್ಕಿಂತ ಬೇಗ ಇಳಿದುಹೋದರು.

“ನೀನು ಕಚ್ಚಲ್ಲ ಕಂದ. ಜೊಲ್ಲು ಸುರಿಸ್ತೀಯಲ್ಲ, ಅದಕ್ಕೆ ಹೆದರ್ತಾರೆ.”

“ಜೊಲ್ಲು ಕಚ್ಚುತ್ತಾ?”

ಪುಟ್ಟಿಯ ಅಮ್ಮ ಸೆರಗಿನಿಂದ ಅವಳ ಗಲ್ಲ ಒರೆಸಿದಳು. ಈ ಪ್ರಶ್ನೆಗೆ ಪುಟ್ಟಿಯ ಅಳತೆಯ ಉತ್ತರ ಅವಳಲ್ಲಿರಲಿಲ್ಲ. ದೊಡ್ಡವರ ಅಳತೆಯದ್ದು ಇತ್ತು. ಏಕೆಂದರೆ ಬೀಗದಣ್ಣ ರಕ್ತ ಕೊಡುವ ಬ್ಲಡ್ ಬ್ಯಾಂಕಿನಲ್ಲಿ ಆ ರಕ್ತವನ್ನು ಪರೀಕ್ಷೆ ಮಾಡುವವಳು ಅವಳೇ.

ಬೀಗದಣ್ಣನ ಅಂಗಡಿ ಆಸ್ಪತ್ರೆಯ ಕಾಂಪೌಂಡಿಗೆ ಆತುಕೊಂಡಿರುವ ಒಂದು ತಗಡಿನ ಡಬ್ಬ. ಒಳಗೆ ಅವರೊಬ್ಬರು ಕೂತರೆ ಮುಗಿಯಿತು, ಗಿರಾಕಿ ಬಿಸಿಲಿನಲ್ಲೇ ನಿಲ್ಲಬೇಕು. ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಕೈಗಳ ಗೊಂಚಲು. ಹುಡುಗನಾಗಿದ್ದಾಗ ಸೋದರಮಾವನ ಜೊತೆ ಕೂತು ಕಲಿತ ಕೆಲಸ, ಅದನ್ನು ಬಿಟ್ಟು ಬೇರೆ ಮಾಡಿದವರಲ್ಲ. ಕೀ ಒಳಗೇ ಮರೆತು ಬಾಗಿಲು ಹಾಕಿಕೊಂಡು ಹೊರಗೆ ಸಿಕ್ಕಿಬಿದ್ದವರು ಕರೆದರೆ ಸೈಕಲ್ ಏರಿ ಹೋಗುತ್ತಾರೆ. ಮೊದಲು ಪಕ್ಕದ ಮನೆಯವರನ್ನು ಕರೆದು, “ಇದು ಇವರದೇ ಮನೆ ತಾನೆ?” ಎಂದು ಕೇಳಬೇಕು. ಆಮೇಲೆ ಮನೆಯ ಯಜಮಾನರನ್ನೇ ಬೀದಿಯ ಕಡೆ ಮುಖ ತಿರುಗಿಸಿ ನಿಲ್ಲಿಸಬೇಕು. ಬೀಗ ತೆಗೆಯುವುದನ್ನು ಯಾರೂ ನೋಡಕೂಡದು.

“ಯಾಕಣ್ಣ, ವಿದ್ಯೆ ಕದೀತೀವಿ ಅಂತ ಭಯಾನಾ?” ಎಂದು ಯಾರಾದರೂ ಕೆಣಕಿದರೆ, “ಇಲ್ಲಪ್ಪ. ಎಷ್ಟು ಸಲೀಸು ಅಂತ ಗೊತ್ತಾದ್ರೆ ಇವತ್ತು ರಾತ್ರಿ ನಿಮಗೆ ನಿದ್ದೆ ಬರಲ್ಲ” ಎನ್ನುತ್ತಿದ್ದರು.

ಅವರು ಬ್ಲಡ್ ಬ್ಯಾಂಕಿನ ಒಳಗೆ ಮೊದಲ ಸಲ ಕಾಲಿಟ್ಟದ್ದೂ ಬೀಗದ ಕಾರಣಕ್ಕೇ. ಸ್ಟೋರ್ ರೂಮಿನ ಬೀಗದೊಳಗೆ ಕೀ ಮುರಿದು ಕೂತಿತ್ತು. ಒಳಗೆ ಹೊಸ ರಕ್ತದ ಬ್ಯಾಗುಗಳು, ಹೊರಗೆ ರಕ್ತ ಕೊಡಲು ಬಂದವರ ಸಾಲು. ಪುಟ್ಟಿಯ ಅಮ್ಮ ಆಗಿನ್ನೂ ಯಾರ ಅಮ್ಮನೂ ಆಗಿರಲಿಲ್ಲ, ಕೆಲಸಕ್ಕೆ ಹೊಸಬಳು. ಕಾಂಪೌಂಡಿನಾಚೆಯ ಅಂಗಡಿಗೆ ಅವಳನ್ನೇ ಓಡಿಸಿದರು. ಬೀಗದಣ್ಣ ಬಂದರು. ದೊಡ್ಡ ಡಾಕ್ಟರನ್ನೂ ಸೇರಿಸಿ ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಕೊಟ್ಟ ಟೀ ಕುಡಿಯುತ್ತ ಅವರು ಮಂಚಗಳ ಮೇಲೆ ಮಲಗಿದ್ದ ದಾನಿಗಳನ್ನು ನೋಡುತ್ತಿದ್ದಾಗ ನರ್ಸಕ್ಕ ಸುಮ್ಮನಿರಲಿಲ್ಲ.

“ಏನಣ್ಣ, ಅಂಥಾ ಬೀಗಕ್ಕೆ ಹೆದರಲಿಲ್ಲ, ಇಷ್ಟು ಸೂಜಿಗೆ ಹೆದರ್ತೀರಾ?”

“ಹೆದರಿಕೆ ಯಾರಿಗೆ? ಎಲ್ಲಿ ಮಲಗಬೇಕು ಹೇಳಿ.” ಮಲಗಿದವರು ಸೂಜಿ ಹತ್ತಿರ ಬಂದದ್ದೇ ಗೋಡೆಯ ಕಡೆ ಮುಖ ತಿರುಗಿಸಿದರು. “ನಿಮ್ಮನ್ನೆಲ್ಲ ತಿರುಗಿಸಿ ನಿಲ್ಲಿಸಿದ್ದೆನಲ್ಲ, ಈಗ ನನ್ನ ಸರದಿ.”

ಪರೀಕ್ಷೆಯ ವಿಷಯ ಬಂದದ್ದು ಆಮೇಲೆ. ಸೈಟೊಮೆಗಾಲೋವೈರಸ್ ಎಂಬ ಉದ್ದ ಹೆಸರಿನ ವೈರಸ್ಸೊಂದಿದೆ. ಬ್ಲಡ್ ಬ್ಯಾಂಕಿನಲ್ಲಿ ಅದನ್ನು ಸಿಎಂವಿ ಎನ್ನುತ್ತಾರೆ, ಪೂರ್ತಿ ಹೆಸರು ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಹೆಚ್ಚಿನವರಿಗೆ ಇದು ಚಿಕ್ಕಂದಿನಲ್ಲೋ ಹರೆಯದಲ್ಲೋ ಗೊತ್ತೇ ಆಗದ ಹಾಗೆ ತಗಲಿಹೋಗಿರುತ್ತದೆ. ಒಂದು ನೆಗಡಿ, ಸ್ವಲ್ಪ ಜ್ವರ, ಎಷ್ಟೋ ಸಲ ಅದೂ ಇಲ್ಲ. ಆಮೇಲೆ ಮೈಯೊಳಗೇ ಒಂದು ಮೂಲೆ ಹಿಡಿದು ಮಲಗಿಬಿಡುತ್ತದೆ, ಗಟ್ಟಿಮುಟ್ಟಾಗಿರುವವರ ತಂಟೆಗೆ ಬರುವುದಿಲ್ಲ. ಆದರೆ ತಿಂಗಳು ತುಂಬುವ ಮೊದಲೇ ಹುಟ್ಟಿದ, ಅಂಗೈಯಗಲದ ಕೂಸುಗಳಿಗೆ ರಕ್ತ ಕೊಡಬೇಕಾಗಿ ಬಂದು, ಆ ರಕ್ತದ ಜೊತೆ ಇದೂ ಒಳಗೆ ಹೋದರೆ ಜೀವಕ್ಕೇ ಸಂಚಕಾರ. ಅದಕ್ಕೇ ಅಂಥ ಕೂಸುಗಳಿಗೆಂದು ಈ ವೈರಸ್ಸಿನ ಮುಖವನ್ನೇ ನೋಡದ ರಕ್ತವನ್ನು ಹುಡುಕುತ್ತಾರೆ.

ಹುಡುಕುವ ವಿಧಾನ ಸರಳ. ಸಣ್ಣ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ, ದಾನಿಗೊಂದು ಗುಳಿ. ವೈರಸ್ಸನ್ನು ಎಂದಾದರೂ ಕಂಡ ರಕ್ತವಾದರೆ ಕೊನೆಯಲ್ಲಿ ಗುಳಿ ಹಳದಿಗೆ ತಿರುಗುತ್ತದೆ. ಕಾಣದ್ದಾದರೆ ನೀರಿನಂತೆ ತಿಳಿಯಾಗಿ ಉಳಿಯುತ್ತದೆ. ಅವತ್ತು ತಟ್ಟೆ ತುಂಬ ಹಳದಿ ಹೂ ಚೆಲ್ಲಿದಂತಿತ್ತು. ನಡುವೆ ಒಂದೇ ಒಂದು ಗುಳಿ ತಿಳಿನೀರು. ಹೊಸಬಳಿಗೆ ತಾನೇ ಏನೋ ಹಾಕಲು ಮರೆತೆನೇನೋ ಎಂದು ಗಾಬರಿಯಾಗಿ ಮತ್ತೊಮ್ಮೆ ಮಾಡಿದಳು. ಮತ್ತೆ ತಿಳಿನೀರೇ. ಅದು ಬೀಗದಣ್ಣನದು. ಸಾಲದ್ದಕ್ಕೆ ಅವರದು ಯಾರಿಗೆ ಬೇಕಾದರೂ ಹೊಂದುವ ಗುಂಪು.

ಮುಂದಿನ ಸಲ ಬಂದಾಗ ದೊಡ್ಡ ಡಾಕ್ಟರು ಅವರನ್ನು ಫ್ರಿಜ್ಜಿನ ಹತ್ತಿರ ಕರೆದೊಯ್ದು ತೋರಿಸಿದರು. ಮೇಲಿನ ಶೆಲ್ಫು ಹಸುಗೂಸುಗಳ ವಾರ್ಡಿಗೆಂದೇ ಮೀಸಲು. ಬೀಗದಣ್ಣನ ಒಂದು ಬ್ಯಾಗಿನ ರಕ್ತವನ್ನು ಪುಟಾಣಿ ಬ್ಯಾಗುಗಳಿಗೆ ಹಂಚಿ ಇಟ್ಟಿದ್ದರು. ಒಂದೇ ಕೂಸಿಗೆ ಮತ್ತೆ ಮತ್ತೆ ಬೇಕಾದಾಗ ಬೇರೆ ಬೇರೆಯವರದು ಕೊಡದೆ ಒಬ್ಬರದ್ದೇ ಕೊಡಲಿಕ್ಕೆ ಆ ಏರ್ಪಾಡು. ಗೊಂಬೆಯಾಟದ ಸಾಮಾನಿನಂತಿದ್ದ ಆ ಬ್ಯಾಗುಗಳನ್ನು ಬೀಗದಣ್ಣ ಕೈ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಅವತ್ತು ಅವರ ಬಾಯಿಂದ ಒಂದೂ ನಗೆಮಾತು ಹೊರಡಲಿಲ್ಲ.

“ಇನ್ನು ಮೇಲೆ ಚಿಕ್ಕ ಮಕ್ಕಳಿಗೆ ಮುತ್ತು ಕೊಡೋದು ಬಂದ್ ಮಾಡಬೇಕಯ್ಯ. ಅವುಗಳ ಜೊಲ್ಲಿನಲ್ಲೇ ಇರೋದು ಅದು” ಎಂದು ದೊಡ್ಡ ಡಾಕ್ಟರು ಬೆನ್ನು ತಟ್ಟಿ ನಕ್ಕರು.

ಡಾಕ್ಟರು ನಕ್ಕು ಮರೆತರು. ಬೀಗದಣ್ಣ ಅದನ್ನು ವ್ರತ ಮಾಡಿಕೊಂಡರು. ಮಗ ಆಗಲೇ ಮೀಸೆ ತಿದ್ದುವ ಕಾಲೇಜು ಹುಡುಗ, ಮನೆಯಲ್ಲಿ ಜೊಲ್ಲು ಸುರಿಸುವವರು ಯಾರೂ ಇರಲಿಲ್ಲ. ಹಾಗಾಗಿ ವ್ರತಕ್ಕೆ ಯಾವ ಕಷ್ಟವೂ ಆಗಲಿಲ್ಲ. ಅಂಗಡಿಗೆ ಮಗುವನ್ನು ಎತ್ತಿಕೊಂಡು ಬಂದ ಗಿರಾಕಿಗೆ, “ಸ್ವಲ್ಪ ಆ ಕಡೆ ನಿಲ್ಲಿ, ನಮ್ಮದು ಮೇಲಿನ ಶೆಲ್ಫು” ಎನ್ನುವುದು ರೂಢಿಯಾಯಿತು. ಅವರಿಗೆ ಅರ್ಥವಾಗದೆ ಮೇಲೆ ನೋಡುತ್ತಿದ್ದರು.

“ಏನು ಮೇಲಿನ ಶೆಲ್ಫೋ!” ಎಂದು ಬೀಗದಕ್ಕ, ಅವರ ಹೆಂಡತಿ, ಇಡೀ ವಠಾರಕ್ಕೆ ಕೇಳುವಂತೆ ಹೇಳುತ್ತಿದ್ದರು. “ಮನೇಲಿ ಮೇಲಿನ ಶೆಲ್ಫಿಂದ ಒಂದು ಡಬ್ಬ ಇಳಿಸಿಕೊಡ್ರೀ ಅಂದ್ರೆ ಸೊಂಟ ನೋವು!”

ಒಮ್ಮೆ ತಿಳಿಯಾಗಿದ್ದ ಗುಳಿ ಮುಂದಿನ ಸಲವೂ ತಿಳಿಯಾಗಿರಬೇಕೆಂದೇನೂ ಇಲ್ಲ. ಆದ್ದರಿಂದ ರಕ್ತ ಕೊಟ್ಟಾಗಲೆಲ್ಲ ಪರೀಕ್ಷೆ ಇದ್ದೇ ಇರುತ್ತದೆ. ಪ್ರತಿ ಸಲವೂ ಮಾರನೆಯ ದಿನ ಬೀಗದಣ್ಣ ಲ್ಯಾಬಿನ ಕಿಟಕಿಗೆ ಮೂಗು ಒತ್ತಿ ನಿಂತಿರುತ್ತಿದ್ದರು.

“ಟೆಸ್ಟಮ್ಮಾ, ಪಾಸಾ, ಫೇಲಾ?”

“ಪಾಸು ಅಣ್ಣ.”

ಅಷ್ಟು ಕೇಳಿದರೆ ಸಾಕು, ಮೀಸೆಗೊಂದು ಕೈ ಹೋಗುತ್ತಿತ್ತು. ಪಾಸು ಫೇಲು ಎನ್ನಲು ಇದೇನು ಶಾಲೆಯ ಪರೀಕ್ಷೆಯಲ್ಲ ಅಣ್ಣ ಎಂದು ಅವಳು ಒಂದೆರಡು ಸಲ ಹೇಳಿ ನೋಡಿದ್ದಳು. ಆ ಹೊತ್ತಿಗೆ ಅವರು ಗೇಟು ದಾಟಿರುತ್ತಿದ್ದರು.

ವರ್ಷಗಳು ಹೀಗೇ ಹೋದವು. ಅವಳಿಗೆ ಮದುವೆಯಾಯಿತು, ಬೀಗದಣ್ಣನೇ ಹುಡುಕಿಕೊಟ್ಟ ಅವರ ಮೇಲಿನ ಮನೆಗೆ ಬಾಡಿಗೆಗೆ ಬಂದಳು, ಪುಟ್ಟಿ ಹುಟ್ಟಿದಳು. ಲಿಫ್ಟ್ ರಿಪೇರಿ ಮಾಡುವ ಬೀಗದಣ್ಣನ ಮಗ ಮದುವೆಯಾಗಿ ಬೇರೆ ಮನೆ ಮಾಡಿದ್ದ. ಈಗ ಅವನಿಗೂ ಗಂಡು ಮಗುವಾಗಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಸೊಸೆ ಮತ್ತೆ ಕೆಲಸಕ್ಕೆ ಹೋಗಬೇಕಾದಾಗ, ಮಗುವನ್ನು ಅಜ್ಜಿ ನೋಡಿಕೊಳ್ಳಲಿ ಎಂದು ಮೂವರೂ ಬೀಗದಣ್ಣನ ಮನೆಗೇ ಬಂದುಬಿಟ್ಟರು.

ಮಗು ದುಂಡಗಿದ್ದುದರಿಂದ ಎಲ್ಲರ ಬಾಯಲ್ಲೂ ಗುಂಡ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ನೋಡುವ, ಅಂಬೆಗಾಲಿನಲ್ಲೇ ಇಡೀ ಮನೆ ಗಸ್ತು ತಿರುಗುವ ವಯಸ್ಸು. ಮನೆಯಲ್ಲಿ ಅಷ್ಟೊಂದು ಜನರಿದ್ದರೂ ಅವನಿಗೆ ಬೇಕಾದದ್ದು ತಾತನೇ. ತಾತ ಕುರ್ಚಿಯಲ್ಲಿ ಕೂತರೆ ಕಾಲಿನ ಹತ್ತಿರ ಹಾಜರು. ತಾತ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರೆ ಕುರ್ಚಿಯ ಕಾಲು ಹಿಡಿದು ಎದ್ದು ನಿಂತು, ಕೆಳತುಟಿಯಿಂದ ಉದ್ದನೆಯ ದಾರ ಇಳಿಬಿಟ್ಟು ನಗುತ್ತಿದ್ದ. ಬೀಗದಣ್ಣ ಕೂತಲ್ಲಿಂದಲೇ ಛತ್ರಿಯ ತುದಿಯಿಂದ ಚೆಂಡನ್ನು ತಳ್ಳಿ ಅವನನ್ನು ಆಚೆ ಕಳಿಸುತ್ತಿದ್ದರು. ಚೆಂಡು ಹಿಡಿದುಕೊಂಡು ಅವನು ಮತ್ತೆ ಅಲ್ಲಿಗೇ ಬರುತ್ತಿದ್ದ.

“ಮೊಮ್ಮಗನನ್ನ ಛತ್ರೀಲಿ ಆಡಿಸೋ ತಾತನ್ನ ನಾನೆಲ್ಲೂ ನೋಡಿಲ್ಲ” ಎಂದು ಬೀಗದಕ್ಕ ಹಂಗಿಸಿದರು. ಸೊಸೆ ಮಾತೆತ್ತಿದ್ದು ಆಮೇಲೆ, ಒಂದು ಬೆಳಿಗ್ಗೆ, ಗುಂಡ ತಾತನ ಟೀ ಲೋಟಕ್ಕೆ ಕೈ ಹಾಕಿ, ತಾತ ಆ ಲೋಟವನ್ನೇ ಮೋರಿಗೆ ಚೆಲ್ಲಿದಾಗ.

ಇದನ್ನೆಲ್ಲ ಸೊಸೆ ಪುಟ್ಟಿಯ ಅಮ್ಮನಿಗೆ ಹೇಳಿದ್ದು ಟೆರೇಸಿನಲ್ಲಿ, ಬಟ್ಟೆ ಒಣಹಾಕುತ್ತ. ಒದ್ದೆ ಲಂಗೋಟಿಯೊಂದನ್ನು ಪಟಾರನೆ ಒದರಿ ತಂತಿಗೆ ಹಾಕಿದಳು.

“ಏನಂದ್ರು ಗೊತ್ತಾ ಅಕ್ಕ? ‘ನನ್ನದು ಶುದ್ಧ ರಕ್ತ ಕಣಮ್ಮ, ಮಗು ಎಂಜಲು ತಾಗಬಾರದು’ ಅಂದ್ರು. ‘ಹಾಗಾದ್ರೆ ನನ್ನ ಮಗು ಹೊಲಸಾ ಮಾವ?’ ಅಂತ ಕೇಳಿದೆ. ಸೈಕಲ್ ತಗೊಂಡು ಹೊರಟೇಹೋದ್ರು.”

“ಅವರ ಮನಸ್ಸಲ್ಲಿ ಹಾಗಿಲ್ಲ ಮಾರಾಯ್ತಿ. ಅದು ಟೆಸ್ಟಿನ ವಿಷಯ…”

“ಟೆಸ್ಟು ನನಗೂ ಗೊತ್ತು, ಅತ್ತೆ ಹೇಳಿದ್ರು. ಯಾರದೋ ಮಕ್ಕಳಿಗೆ ರಕ್ತ ಕೊಡಲಿ, ಬೇಡ ಅಂದೋರು ಯಾರು? ಆದ್ರೆ ಇವನು ನಾಳೆ ಬುದ್ಧಿ ಬಂದ ಮೇಲೂ ಕುರ್ಚಿ ಕೆಳಗೆ ಕೂತು ಕಾಯಬೇಕಾ? ಕಾರ್ಖಾನೆ ಪಕ್ಕ ಒಂದು ಮನೆ ನೋಡಿದ್ದೀನಿ. ಪಕ್ಕದಲ್ಲೇ ಮಕ್ಕಳನ್ನ ನೋಡ್ಕೊಳ್ಳೋರಿದ್ದಾರೆ. ಮುಂದಿನ ತಿಂಗಳು ಹೋಗಿಬಿಡ್ತೀವಿ. ನಮ್ಮನೆಯವರಿಗೂ ಹೇಳಿಯಾಯ್ತು.”

ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು. ಕೈ ಮಾತ್ರ ಒಂದೇ ಲಂಗೋಟಿಗೆ ಕ್ಲಿಪ್ಪಿನ ಮೇಲೆ ಕ್ಲಿಪ್ಪು ಹಾಕುತ್ತಿತ್ತು.

ಪುಟ್ಟಿಯ ಅಮ್ಮ ಬೇರೆಯವರ ಮನೆಯ ಮಾತಿನಲ್ಲಿ ತಲೆ ಹಾಕುವವಳಲ್ಲ. ಆದರೆ ಇದು ಅರ್ಧ ಮನೆಯ ಮಾತು, ಅರ್ಧ ತನ್ನ ಲ್ಯಾಬಿನ ಮಾತು. ಲ್ಯಾಬಿನ ಅರ್ಧವನ್ನು ಸರಿ ಮಾಡುವುದು ತನ್ನ ಕೆಲಸವೇ ಎಂದುಕೊಂಡು, ಮರುದಿನ ಊಟದ ಬಿಡುವಿನಲ್ಲಿ ಅವಳು ತಗಡಿನ ಅಂಗಡಿಯ ಮುಂದೆ ಹೋಗಿ ನಿಂತಳು.

“ಬಾ ಟೆಸ್ಟಮ್ಮ. ಕೀ ಕಳ್ಕೊಂಡ್ಯಾ?”

“ನಾನಲ್ಲ ಅಣ್ಣ. ನೀವು ಸೊಸೆ ಮೊಮ್ಮಗನ್ನ ಕಳ್ಕೋತಿದ್ದೀರಲ್ಲ, ಅದಕ್ಕೆ ಬಂದೆ.”

ಕೀಲಿಕೈ ಉಜ್ಜುತ್ತಿದ್ದ ಅರ ನಿಂತಿತು.

“ಹೇಳಿದ್ಲಾ?”

“ಹೇಳಿದ್ಲು. ಶುದ್ಧ ರಕ್ತ ಅಂದ್ರಂತೆ.”

“ಸುಳ್ಳಾ ಮತ್ತೆ? ನೀನೇ ತಾನೆ ಪ್ರತಿ ಸಲ ಪಾಸು ಅನ್ನೋದು?”

“ನಂದು ಫೇಲು ಅಣ್ಣ.”

“ಏನು?”

“ಕೆಲಸಕ್ಕೆ ಸೇರಿದ ಹೊಸದರಲ್ಲೇ ಕುತೂಹಲಕ್ಕೆ ನನ್ನದನ್ನೂ ಒಂದು ಗುಳೀಲಿ ಹಾಕಿ ನೋಡಿದ್ದೆ. ಹಳದಿ. ಒಳ್ಳೆ ಕಡು ಹಳದಿ. ದೊಡ್ಡ ಡಾಕ್ಟ್ರದ್ದೂ ಹಳದಿ, ನರ್ಸಕ್ಕಂದೂ ಹಳದಿ. ನಾವೆಲ್ಲ ಹೊಲಸಾ?”

“ಛೆ ಛೆ, ಎಂಥ ಮಾತು ಆಡ್ತೀಯ!” ಬೀಗದಣ್ಣ ನಿಜಕ್ಕೂ ನೊಂದುಕೊಂಡರು. ಇಷ್ಟು ವರ್ಷ ಅವಳನ್ನೂ ಅವರು ಮೇಲಿನ ಶೆಲ್ಫಿನವಳೆಂದೇ ಲೆಕ್ಕ ಹಿಡಿದಿದ್ದರು. “ನೀನು… ನಿನ್ನ ಕೈಲೇ ಎಲ್ಲ ನಡೆಯುತ್ತೆ ಅಲ್ಲಿ.”

“ಅದೇ ಹೇಳ್ತಿರೋದು. ಇದರಲ್ಲಿ ಶುದ್ಧ ಅಶುದ್ಧ ಅಂತಿಲ್ಲ. ನನ್ನ ರಕ್ತಕ್ಕೆ ಆ ವೈರಸ್ಸಿನ ಪರಿಚಯ ಆಗಿದೆ, ನಿಮ್ಮದಕ್ಕೆ ಆಗಿಲ್ಲ. ಅಷ್ಟೇ ವ್ಯತ್ಯಾಸ. ಗುಂಡನಿಗೆ ಆಗಿದೆಯೋ ಇಲ್ಲವೋ, ಅದೂ ಯಾರಿಗೂ ಗೊತ್ತಿಲ್ಲ.”

“ಎತ್ತಿಕೊಂಡ್ರೆ ಬರುತ್ತಾ?”

“ಎತ್ತಿಕೊಂಡ ಮಾತ್ರಕ್ಕೆ ಬರಲ್ಲ. ಜೊಲ್ಲು, ಉಚ್ಚೆ ಕೈಗೆ ತಾಗಿ, ಆ ಕೈ ಬಾಯಿಗೆ ಹೋದ್ರೆ ಬರಬಹುದು. ಸೋಪು ಹಾಕಿ ತೊಳೀರಿ. ಒಂದೇ ಚಮಚ, ಒಂದೇ ಲೋಟ ಬೇಡ. ಮುತ್ತು ಬಾಯಿಗೆ ಬೇಡ, ತಲೆಗೆ ಕೊಡಿ. ಅಷ್ಟು ಮಾಡಿದ ಮೇಲೂ ಬಂದ್ರೆ ಬರಲಿ ಬಿಡಿ. ನಿಮ್ಮ ಬ್ಯಾಗು ಕೆಳಗಿನ ಶೆಲ್ಫಿಗೆ ಹೋಗುತ್ತೆ.”

“ಕೆಳಗಿನ ಶೆಲ್ಫು” ಎಂದರು ಬೀಗದಣ್ಣ, ಕಹಿ ಮಾತ್ರೆ ನುಂಗಿದವರ ಹಾಗೆ.

“ಹೂಂ. ಆಕ್ಸಿಡೆಂಟ್ ಆದೋರು, ಆಪರೇಷನ್ ಆಗೋರು, ಹೆರಿಗೇಲಿ ರಕ್ತ ಹೋದೋರು, ಎಲ್ಲರಿಗೂ ಅಲ್ಲಿಂದಲೇ ಅಣ್ಣ. ಪುಟ್ಟಿ ಹುಟ್ಟಿದಾಗ ನನಗೆ ಕೊಟ್ಟಿದ್ದೂ ಕೆಳಗಿನ ಶೆಲ್ಫಿಂದೇ. ಅದಿಲ್ಲದಿದ್ರೆ ಇವತ್ತು ನಿಮ್ಮ ಜೊತೆ ಜಗಳ ಆಡೋಕೆ ಯಾರು ಇರ್ತಿದ್ರು?”

ಬೀಗದಣ್ಣ ಅರವನ್ನು ಕೆಳಗಿಟ್ಟರು.

“ನಾನು ಇಡೀ ದಿನ ಮಾಡೋದೇನು ಹೇಳು. ಬೇರೆಯವರು ಕಳ್ಕೊಂಡಿದ್ದಕ್ಕೆ ಇನ್ನೊಂದು ಮಾಡಿಕೊಡೋದು. ನಾನಿಲ್ಲದಿದ್ರೆ ಆಚೆ ಬೀದಿಯವನು ಮಾಡ್ತಾನೆ, ನನಗಿಂತ ಬೇಗಾನೇ ಮಾಡ್ತಾನೆ, ಮಿಷನ್ನು ಇಟ್ಟಿದ್ದಾನೆ. ಆ ಒಂದು ವಿಷಯದಲ್ಲಿ ಮಾತ್ರ ನಾನೇ ಬೇಕು ಅಂತಿತ್ತು. ಅದೂ ಹೋದ್ರೆ… ಆ ಕೂಸುಗಳ ಗತಿ ಏನು?”

ಅವಳು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ.

“ಕೂಸುಗಳಿಗೆ ಏನೂ ಆಗಲ್ಲ ಅಣ್ಣ. ನಿಮ್ಮಂಥ ದಾನಿಗಳು ಇನ್ನೂ ಕೆಲವರಿದ್ದಾರೆ. ಬಿಳಿ ರಕ್ತಕಣಗಳಲ್ಲಿ ಅಡಗಿರೋ ವೈರಸ್ಸನ್ನ ಅಲ್ಲೇ ತಡೆಯೋ ಫಿಲ್ಟರೂ ಬಂದಿದೆ. ನೀವಿದ್ರೆ ನಮಗೆ ಅನುಕೂಲ, ಇಲ್ಲದಿದ್ರೂ ನಡೆಯುತ್ತೆ. ರಕ್ತ ಸೋಸೋಕೆ ಫಿಲ್ಟರ್ ಸಿಗುತ್ತೆ ಅಣ್ಣ. ಗುಂಡನಿಗೆ ಇನ್ನೊಬ್ಬ ತಾತನ್ನ ನಾನೆಲ್ಲಿಂದ ತರಲಿ?”

ಅರ ಮತ್ತೆ ಬೀಗದಣ್ಣನ ಕೈಗೆ ಬಂತು. “ಹೊತ್ತಾಯ್ತು ಹೋಗು, ನಿನ್ನ ಡಾಕ್ಟ್ರು ಬೈತಾರೆ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಸಾಕೆನಿಸಿ ಅವಳು ಹೊರಟಳು.

ಅದೇ ವಾರ ಒಂದು ಸಂಜೆ ಪುಟ್ಟಿಯನ್ನು ಕೈ ಹಿಡಿದು ನಡೆಸಿಕೊಂಡು ಮನೆಗೆ ಬರುವಾಗ ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಹಿತ್ತಲ ನಲ್ಲಿಯ ಹತ್ತಿರ ಬೀಗದಣ್ಣ ತೋಳು ಮಡಚಿಕೊಂಡು ನಿಂತು, ಮೊಣಕೈವರೆಗೂ ನೊರೆ ಎಬ್ಬಿಸಿ ಉಜ್ಜುತ್ತಿದ್ದರು. ಬಾಗಿಲಿನಿಂದ ಬೀಗದಕ್ಕ ನೋಡುತ್ತಿದ್ದರು.

“ಏನ್ರೀ ಇದು? ಮಗು ಎತ್ಕೋತೀರೋ, ಆಪರೇಷನ್ ಮಾಡ್ತೀರೋ?”

ಪುಟ್ಟಿಯ ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ಅಣ್ಣ, ಸೋಪು ಹಾಕಬೇಕಾದ್ದು ಎತ್ತಿಕೊಂಡ ಮೇಲೆ! ಮೊದಲಲ್ಲ.”

“ಆಮೇಲೂ ಹಾಕ್ತೀನಿ. ಇದು ಗ್ರೀಸು ಕಣಮ್ಮ, ಹಾಳಾದ್ದು ಹೋಗೋದೇ ಇಲ್ಲ. ಮಗೂಗೆ ಅಂಟಬಾರದಲ್ಲ.”

ಒಳಗೆ ಗುಂಡನನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಸೊಸೆ ಈ ಮಾತು ಕೇಳಿಸಿಕೊಂಡಳು. ಬೀಗದಣ್ಣ ಕೈ ಒರೆಸಿಕೊಂಡು ಅವಳ ಎದುರು ಬಂದು ನಿಂತರು. ಎಲ್ಲರ ಬಾಗಿಲು ತೆಗೆದುಕೊಡುವ ಮನುಷ್ಯನಿಗೆ ಮಾತು ತೆಗೆಯುವುದು ಕಷ್ಟವಾಯಿತು.

“ಅವತ್ತು ಶುದ್ಧ ಅಂದೆನಲ್ಲಮ್ಮ. ಅದು ತಪ್ಪು ಮಾತು. ಪರಿಚಯ ಇಲ್ಲ ಅನ್ನಬೇಕಂತೆ. ಟೆಸ್ಟಮ್ಮ ಹೇಳಿದ್ಲು. ನನ್ನದು ತಪ್ಪಾಯ್ತು.”

ಗುಂಡನ ಮೂಗು ಸೋರುತ್ತಿತ್ತು. ಸೊಸೆ ಬೇಕೆಂದೇ ಒರೆಸದೆ, ಹಾಗೇ ಎತ್ತಿ ಮಾವನ ಕೈಗೆ ಕೊಟ್ಟಳು. ಬೀಗದಣ್ಣ ಅವನನ್ನು ಕುದಿಯುವ ಪಾತ್ರೆ ಹಿಡಿದಂತೆ ದೂರಕ್ಕೆ ಹಿಡಿದರು. ಆಮೇಲೆ ಸ್ವಲ್ಪ ಹತ್ತಿರಕ್ಕೆ ತಂದರು. ಕೊನೆಗೆ ಎದೆಗೆ ಆನಿಸಿಕೊಂಡರು. ಗುಂಡ ಇಷ್ಟು ದಿನ ಕೆಳಗಿನಿಂದ ಮಾತ್ರ ಕಂಡಿದ್ದ ಮೀಸೆಯನ್ನು ಎರಡೂ ಕೈಯಿಂದ ಹಿಡಿದು ಪರೀಕ್ಷಿಸಿದ. ಮತ್ತೆ ಮುಖವೆತ್ತಿ, ಕಣ್ಣು ಮುಚ್ಚಿ, ತಾತನ ಅಂಗಿಯ ಮೇಲೆ ಒಂದು ದೊಡ್ಡ ಸೀನು ಸೀನಿದ.

ಬೀಗದಕ್ಕನ ಕೈ ಬಾಯಿಯ ಮೇಲಿತ್ತು.

ಬೀಗದಣ್ಣ ಬಗ್ಗಿ ಅಂಗಿಯನ್ನು ನೋಡಿಕೊಂಡರು. “ಹೂಂ. ಪರಿಚಯ ಆಯ್ತು.”

ಮೊದಲು ನಕ್ಕವಳು ಸೊಸೆ. ನಗು ಬಂದದ್ದಕ್ಕೆ ಅವಳಿಗೇ ಸಿಟ್ಟು ಬಂದು ಒಳಗೆ ಹೋದಳು. ಒಳಗೆ ಹೋಗಿಯೂ ನಗುತ್ತಿದ್ದುದು ಹೊರಗೆ ಕೇಳುತ್ತಿತ್ತು.

ಅವಳು ಆ ಮನೆಯ ವಿಷಯವನ್ನು ಮತ್ತೆ ಎತ್ತಿದ್ದು ಟೆರೇಸಿನಲ್ಲೇ. “ಕಾರ್ಖಾನೆ ಪಕ್ಕದ ಮನೇಲಿ ನೀರು ಸರಿಯಾಗಿ ಬರಲ್ವಂತೆ ಅಕ್ಕ” ಎಂದಳು, ತಂತಿಯ ಕಡೆ ನೋಡುತ್ತ. ಪುಟ್ಟಿಯ ಅಮ್ಮ, “ಹೌದಾ? ನೀರಿಲ್ಲದ ಮನೆ ಯಾರಿಗೆ ಬೇಕು” ಎಂದಳು.

ಬೀಗದಣ್ಣ ಮತ್ತೆ ರಕ್ತ ಕೊಡುವ ದಿನ ಬಂತು. ಅವರು ಬಂದಾಗ ಅಂಗಿಯ ಕಾಲರಿನ ಮೇಲೆ ಹೊಸ ಹಲ್ಲುಗಳ ಗುರುತಿತ್ತು, ಭುಜದ ಮೇಲೆ ಒಣಗಿದ ಹಾಲಿನ ಕಲೆಯಿತ್ತು. ನರ್ಸಕ್ಕ ನೋಡಿ ಕಣ್ಣರಳಿಸಿದರು. ಆ ಹೊತ್ತಿಗೆ ದೊಡ್ಡ ಡಾಕ್ಟರೂ ಅಲ್ಲಿಗೆ ಬಂದರು. ಇಷ್ಟು ವರ್ಷದ ವ್ರತದ ಕಥೆಯನ್ನು ಪುಟ್ಟಿಯ ಅಮ್ಮ ಆಗಲೇ ಅವರ ಕಿವಿಗೆ ಹಾಕಿದ್ದಳು.

“ಅಯ್ಯೋ ಮಾರಾಯ, ನಾನು ತಮಾಷೆಗೆ ಅಂದಿದ್ದು ಕಣಯ್ಯಾ!”

“ತಮಾಷೆ ಮಾಡೋದಾದ್ರೆ ಬಿಳಿ ಕೋಟು ತೆಗೆದಿಟ್ಟು ಮಾಡಬೇಕು ಸಾರ್” ಎಂದರು ಬೀಗದಣ್ಣ, ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ. “ಕೋಟಿದ್ರೆ ನಮಗೆ ಅದು ಔಷಧಿ ಥರ ಕೇಳಿಸುತ್ತೆ.”

ಡಾಕ್ಟರು ನಗಲೂ ಆಗದೆ ಬಿಡಲೂ ಆಗದೆ ತಲೆ ಕೆರೆದುಕೊಂಡರು. ಮನೆಯಲ್ಲಿ ಪುಟ್ಟ ಮಗು ಇದೆ, ಹೊಸದಾಗಿ ತಗಲಿದ್ದರೆ ತಟ್ಟೆಯಲ್ಲಿ ತಕ್ಷಣ ಕಾಣದಿರಬಹುದು, ಆದ್ದರಿಂದ ಟೆಸ್ಟು ಹೇಗೇ ಬರಲಿ, ಕೂಸುಗಳಿಗೆ ಕೊಡುವುದಾದರೆ ಈ ಬ್ಯಾಗನ್ನು ಫಿಲ್ಟರಿನಲ್ಲೂ ಸೋಸಿಯೇ ಕೊಡೋಣ ಎಂದು ಪುಟ್ಟಿಯ ಅಮ್ಮನಿಗೆ ಹೇಳಿ ಹೋದರು.

ಮರುದಿನ ತಟ್ಟೆ ಸಿದ್ಧವಾಯಿತು. ಅವಳು ಅದನ್ನು ಬೆಳಕಿಗೆ ಹಿಡಿಯುವ ಮೊದಲು ಒಂದು ಕ್ಷಣ ತಡೆದಳು. ಇಷ್ಟು ವರ್ಷದಲ್ಲಿ ಯಾರ ಗುಳಿಗೂ ಹೀಗೆ ತಡೆದವಳಲ್ಲ. ಗುಂಡನ ಆ ಸೀನು, ಆ ಕಾಲರಿನ ಹಲ್ಲು, ಎಲ್ಲ ಕಣ್ಣ ಮುಂದೆ ಬಂತು. ಹಿಡಿದು ನೋಡಿದರೆ ಸುತ್ತ ಹಳದಿ, ನಡುವೆ ಬೀಗದಣ್ಣನ ಗುಳಿ ಎಂದಿನಂತೆ ತಿಳಿನೀರು. ಅವಳಿಗೆ ಒಬ್ಬಳೇ ಕೂತಲ್ಲೇ ನಗು ಬಂತು. ಸೋಸಿ ತುಂಬಿಸಿದ ಪುಟಾಣಿ ಬ್ಯಾಗುಗಳು ಮೇಲಿನ ಶೆಲ್ಫಿಗೆ ಹೋದವು. ಅವುಗಳಲ್ಲೊಂದಕ್ಕೆ ಹಸುಗೂಸುಗಳ ವಾರ್ಡಿನಿಂದ ಅವತ್ತೇ ಕರೆ ಬಂತು.

ಲ್ಯಾಬಿನ ಕಿಟಕಿಯಲ್ಲಿ ಮಾತ್ರ ಮೂಗು ಕಾಣಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿ ಜಾಸ್ತಿಯಿರಬೇಕು ಎಂದುಕೊಂಡಳು. ಊಟದ ಹೊತ್ತಿಗೂ ಬರಲಿಲ್ಲ. ಕೆಲಸ ಮುಗಿದ ಮೇಲೆ ಕೋಟು ತೆಗೆದಿಟ್ಟು, ಬ್ಯಾಗು ಹೆಗಲಿಗೇರಿಸಿ, ತಾನೇ ಗೇಟು ದಾಟಿ ಹೊರಟಳು. ತುಟಿಯ ತುದಿಯಲ್ಲಿ ‘ಪಾಸು’ ಸಿದ್ಧವಾಗಿತ್ತು.

ಅಂಗಡಿಯ ಮುಂದೆ ಗಿರಾಕಿಗಳಿರಲಿಲ್ಲ. ಬೀಗದಣ್ಣ ಆಗಲೇ ಸಾಮಾನು ಒಳಗಿಡುತ್ತಿದ್ದರು, ಇತ್ತೀಚೆಗೆ ಬೇಗ ಮನೆಗೆ ಹೋಗುವ ಅಭ್ಯಾಸ. ಅವಳು ಬರುವುದನ್ನು ದೂರದಿಂದಲೇ ಕಂಡು ಅಂಗೈ ಎತ್ತಿ ತಡೆದರು.

“ಏನೂ ಹೇಳಬೇಡ. ಅಲ್ಲೇ ನಿಲ್ಲು. ಮುಖಾನೂ ಆ ಕಡೆ ಮಾಡು, ನಿನ್ನ ಮುಖದಲ್ಲಿ ಎಲ್ಲ ಕಾಣುತ್ತೆ.”

“ಅಣ್ಣ, ಕೇಳಿ ಮೊದಲು…”

“ನೀನು ಕೇಳು ಮೊದಲು.” ಅವರು ತಗಡಿನ ಬಾಗಿಲಿಗೆ ಕೈಯೂರಿ ನಿಂತರು. “ನನ್ನ ಬುದ್ಧಿ ನನಗೆ ಗೊತ್ತು. ನೀನು ಪಾಸು ಅಂದ್ರೆ ಇವತ್ತು ಮನೆಗೆ ಹೋಗಿ, ಅವನು ಕೈ ಚಾಚಿದಾಗ, ಎತ್ತಿಕೊಳ್ಳೋಕೆ ಮೊದಲು ಒಂದು ಗಳಿಗೆ ಯೋಚನೆ ಮಾಡ್ತೀನಿ. ಫೇಲು ಅಂದ್ರೂ ಯೋಚನೆ ಮಾಡ್ತೀನಿ, ಇವನಿಂದಲೇ ಬಂತೇನೋ ಅಂತ. ಆ ಒಂದು ಗಳಿಗೆ ನನಗೆ ಬೇಡಮ್ಮ. ರಕ್ತ ಕೊಡೋದು ಬಿಡಲ್ಲ, ನೀವು ಕರೆದಾಗಲೆಲ್ಲ ಬಂದು ಮಲಗ್ತೀನಿ. ಬ್ಯಾಗು ಮೇಲಿನ ಶೆಲ್ಫಿಗಾದ್ರೂ ಹೋಗಲಿ, ಕೆಳಗಿಂದಕ್ಕಾದ್ರೂ ಹೋಗಲಿ, ಅದು ನಿನಗೆ ಗೊತ್ತಿದ್ರೆ ಸಾಕು. ಒಂದು ಉಪಕಾರ ಮಾಡು ಟೆಸ್ಟಮ್ಮ. ಇನ್ನು ಮೇಲೆ ಯಾವತ್ತೂ, ನಾನೇ ಬಂದು ಗೋಗರೆದ್ರೂ ಸರಿ, ನನ್ನ ರಿಸಲ್ಟು ನನಗೆ ಹೇಳಬೇಡ.”